ಮೇಷ್ಟ್ರ ಕಾರು ಮತ್ತು ಹಲಸಿನ ಮರದ ತುಂಡು

ಬ್ರೇಕ್ ಒತ್ತಿದೆ. ಕಾಲು ಹೋಗಿ ನೆಲ ಮುಟ್ಟಿತು.

ಮತ್ತೆ ಒತ್ತಿದೆ. ಮತ್ತೆ ನೆಲ. ಕಲಸಿದ ಹಿಟ್ಟಿನೊಳಗೆ ಕಾಲಿಟ್ಟ ಹಾಗೆ. ಕಾರು ಮಾತ್ರ ತನ್ನ ಪಾಡಿಗೆ ತಾನು ಇಳಿಯುತ್ತಲೇ ಇತ್ತು. ಎಡಕ್ಕೆ ಗುಡ್ಡ ಕಡಿದ ಎತ್ತರದ ಮಣ್ಣಿನ ಬರೆ, ಬಲಕ್ಕೆ ಕಾಫಿ ತೋಟದ ಕಣಿವೆ, ಮುಂದೆ ತಿರುವು. ಪಕ್ಕದ ಸೀಟಿನಲ್ಲಿ ಯೂನಿಫಾರ್ಮ್ ಹಾಕಿಕೊಂಡು ಕೂತ ನನ್ನ ಮಗಳು.

ಅಂಥ ಗಳಿಗೆಯಲ್ಲಿ ದೇವರು ನೆನಪಾಗುತ್ತಾನೆ ಅಂತ ಎಲ್ಲರೂ ಹೇಳುತ್ತಾರೆ. ಬೆಳಿಗ್ಗೆ ದೀಪ ಹಚ್ಚದೆ ಕಾಫಿ ಕೂಡ ಕುಡಿಯದವಳು ನಾನು. ನನಗೆ ನೆನಪಾಗಲಿಲ್ಲ. ನಿಜ ಹೇಳುತ್ತೇನೆ. ನೆನಪಾದದ್ದು ಡ್ರೈವಿಂಗ್ ಸ್ಕೂಲಿನವರು ಒಂದು ತಿಂಗಳು ಕಿವಿಯಲ್ಲಿ ಊದಿದ ಒಂದೇ ಮಾತು: “ಭಯ ಆದ್ರೆ ಬ್ರೇಕ್, ಮೇಡಂ.”

ಭಯವಾಗಿತ್ತು. ಬ್ರೇಕ್ ಇರಲಿಲ್ಲ.

(ಈ ಅಂಕಣದಲ್ಲಿ ಹಪ್ಪಳ, ಹಬ್ಬ, ಅತ್ತೆಯ ಮಂಡಿನೋವು ಅಂತ ಬರೆದುಕೊಂಡಿದ್ದವಳು ಈ ವಾರ ಯಾಕೆ ಹೀಗೆ ಹೆದರಿಸುತ್ತಿದ್ದಾಳೆ ಅನ್ನಬೇಡಿ. ಇದನ್ನು ಬರೆಯುವಾಗಲೂ ನನ್ನ ಬಲಗಾಲು ಮೇಜಿನ ಕೆಳಗೆ ತನ್ನಷ್ಟಕ್ಕೆ ತಾನೇ ನೆಲ ಒತ್ತುತ್ತಿದೆ.)

ಮೊದಲಿಂದ ಹೇಳುತ್ತೇನೆ.

ನಮಗೆ ಕಾರು ಬೇಕಾದದ್ದು ಷೋಕಿಗಲ್ಲ. ಆನೆಗೆ ಹೆದರಿ. ನಮ್ಮ ಮನೆ ಇರುವುದು ಮಾದಾಪುರದ ಕಡೆ ಒಂದು ಗುಡ್ಡದ ಮೇಲೆ. ಮಗಳು ದೀಕ್ಷಾ ಹತ್ತನೇ ಕ್ಲಾಸು. ಬೆಳಿಗ್ಗೆ ಏಳೂಕಾಲರ ಬಸ್ಸಿಗೆ ಅವಳು ಎರಡು ಕಿಲೋಮೀಟರ್ ಇಳಿದು ಹೋಗಬೇಕು. ದಾರಿಯ ಎರಡೂ ಕಡೆ ತೋಟ. ಹಲಸು ಹಣ್ಣಾಗುವ ಕಾಲಕ್ಕೆ ಆ ದಾರಿ ನಮ್ಮದಲ್ಲ, ಆನೆಗಳದ್ದು. ಊರಿನವರೆಲ್ಲ ಸೇರಿ ಒಂದು ವಾಟ್ಸ್‌ಆ್ಯಪ್ ಗ್ರೂಪ್ ಮಾಡಿಕೊಂಡಿದ್ದೇವೆ. ಅದರಲ್ಲಿ ಗುಡ್ ಮಾರ್ನಿಂಗ್ ಹೂವು ಕಳಿಸುವಂತಿಲ್ಲ. ಆನೆ ಎಲ್ಲಿದೆ ಎಂಬುದೊಂದೇ ಸುದ್ದಿ. ಬೆಳಗಾದರೆ ನಾನು ದೇವರ ಫೋಟೋ ನೋಡಿ, ಆಮೇಲೆ ಅದನ್ನು ನೋಡುತ್ತೇನೆ.

ಒಂದು ದಿನ ಗ್ರೂಪಿನಲ್ಲಿ ಏನೂ ಇರಲಿಲ್ಲ. ದೀಕ್ಷಾ ಹೊರಟಳು. ಹತ್ತು ನಿಮಿಷದಲ್ಲಿ ಓಡಿಕೊಂಡು ವಾಪಸ್ ಬಂದಳು. ಒಂದು ಕಾಲಲ್ಲಿ ಶೂ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಅಂಗಳದಲ್ಲಿ ನಿಂತು ಒಂದೇ ಮಾತು ಹೇಳಿದಳು: “ಅಮ್ಮ, ಅದರ ಕಣ್ಣು ಕಾಣಿಸ್ತು.”

ಆನೆಯ ಕಣ್ಣು ಕಾಣುವಷ್ಟು ಹತ್ತಿರ. ನೀವೇ ಲೆಕ್ಕ ಹಾಕಿಕೊಳ್ಳಿ.

ಅವತ್ತೇ ತೀರ್ಮಾನವಾಯಿತು, ಕಾರು ತೆಗೆದುಕೊಳ್ಳುವುದು, ಓಡಿಸುವುದು ನಾನು. ನಮ್ಮನೆಯವರು ಎಸ್ಟೇಟೊಂದರಲ್ಲಿ ರೈಟರ್. (ನನ್ನ ಹಾಗೆ ಕಥೆ ಕಟ್ಟುವ ರೈಟರ್ ಅಲ್ಲ, ಆಳುಗಳ ಹಾಜರಿ ಬರೆಯುವ ರೈಟರ್.) ಆರೂವರೆಗೆ ಬೈಕ್ ಹತ್ತಿ ಹೋದರೆ ಅವರು ಬರುವುದು ಸಂಜೆಗೆ. ನಾನು ತವರಿಗೆ, ಶಿರಂಗಾಲಕ್ಕೆ ಹೋಗಿ ತಿಂಗಳು ಕೂತೆ. ಅಲ್ಲಿಂದ ದಿನಾ ಕುಶಾಲನಗರಕ್ಕೆ ಹೋಗಿ ಡ್ರೈವಿಂಗ್ ಕಲಿತೆ. ನಲವತ್ತೈದು ದಾಟಿದ ಮೇಲೆ! ಲೈಸೆನ್ಸೂ ಬಂತು. ಆದರೆ ಕಲಿತ ರಸ್ತೆ ಹೇಗಿತ್ತು? ಗದ್ದೆ ಬದಿಯಲ್ಲಿ ಹಾಸಿದ ಚಾಪೆಯ ಹಾಗೆ ನೆಟ್ಟಗೆ, ಸಪಾಟಾಗಿ. ಅಲ್ಲಿ ಬ್ರೇಕ್ ಒತ್ತಿದರೆ ಗಾಡಿ ನಿಲ್ಲುತ್ತದೆ, ಒತ್ತದಿದ್ದರೂ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ.

ಕಾರು ಸಿಕ್ಕಿದ್ದು ಮೂರ್ನಾಡಿನಲ್ಲಿ. ಕುಶಾಲಪ್ಪ ಮೇಷ್ಟ್ರದು. ನಮ್ಮನೆಯವರಿಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಕಣ್ಣಿನ ಆಪರೇಷನ್ ಆಗಿ ಡಾಕ್ಟರು ಇನ್ನು ಓಡಿಸಬೇಡಿ ಅಂದಿದ್ದರಂತೆ. ಹನ್ನೊಂದು ವರ್ಷದ ಬಿಳಿ ಕಾರು. ಸೀಟಿಗೆ ಮೇಷ್ಟ್ರ ಹೆಂಡತಿಯೇ ಹೊಲಿದ ಹೂವಿನ ಕವರು. ಒಂದು ಗೀರಿಲ್ಲ, ಒಂದು ತುಕ್ಕಿಲ್ಲ.

“ಒಬ್ಬ ಮೆಕ್ಯಾನಿಕ್‌ಗೆ ತೋರ್ಸೋಣ ಕಣ್ರೀ,” ಅಂದೆ ನಾನು. ಮೇಲುಮಾತಿಗೆ ಅಂದದ್ದಲ್ಲ, ನಿಜವಾಗಿಯೂ ಅಂದೆ.

ನಮ್ಮನೆಯವರು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಗುಡಿಯ ಒಳಗೆ ಚಪ್ಪಲಿ ಹಾಕಿಕೊಂಡು ಹೋದವಳನ್ನು ನೋಡಿದ ಹಾಗೆ. “ಮೇಷ್ಟ್ರ ಗಾಡಿನಾ? ನನ್ನ ಪೇಪರ್ ತಿದ್ದಿದೋರು ಕಣೇ ಅವರು. ಅವರ ಕಾರಿಗೆ ನಾನು ಮಾರ್ಕ್ಸ್ ಹಾಕ್ಲಾ?”

ನಾನು ಸುಮ್ಮನಾದೆ. ಇಂಥ ಕಡೆ ಸುಮ್ಮನಾಗುವುದನ್ನು ನಾವು ಸಂಸ್ಕಾರ ಅನ್ನುತ್ತೇವೆ.

ಮೇಷ್ಟ್ರು ಬಾನೆಟ್ ಎತ್ತಿ ತೋರಿಸಿದರು, ಆಯಿಲ್ ಕಡ್ಡಿ ಎಳೆದು ತೋರಿಸಿದರು, ಟೈರಿನ ಹಲ್ಲು ಮುಟ್ಟಿ ನೋಡಿ ಅಂದರು, ಇನ್ಶೂರೆನ್ಸ್ ಪೇಪರು ತೋರಿಸಿದರು. ಕೊನೆಗೆ ಡಿಕ್ಕಿ ತೆಗೆದು ಒಂದು ಮರದ ತುಂಡು ಎತ್ತಿ ನಮ್ಮನೆಯವರ ಕೈಗೆ ಕೊಟ್ಟರು. ಹಲಸಿನ ಮರದ್ದು, ಒಂದು ಕಡೆ ಓರೆಯಾಗಿ ಕೆತ್ತಿದ್ದು. ಗಾಡಿ ನಿಲ್ಲಿಸಿದಾಗ ಚಕ್ರಕ್ಕೆ ಅಡ್ಡ ಕೊಡುವುದಕ್ಕೆ. ನಮ್ಮ ಕಡೆ ಇಳಿಜಾರಿನಲ್ಲಿ ಗಾಡಿ ನಿಲ್ಲಿಸುವವರೆಲ್ಲ ಕಲ್ಲೋ ಮರವೋ ಕೊಡುತ್ತಾರೆ. ಆದರೆ ಇದು ಕೈ ಆಡಿ ಆಡಿ ಪೂಜೆಯ ಮಣೆಯ ಹಾಗೆ ನುಣ್ಣಗಾಗಿತ್ತು.

“ಇದನ್ನ ಮಾತ್ರ ಮರೀಬೇಡಪ್ಪ. ನಾನು ಒಂದು ದಿನಾನೂ ಇದಿಲ್ದೆ ಗಾಡಿ ನಿಲ್ಸಿಲ್ಲ,” ಅಂದರು ಮೇಷ್ಟ್ರು.

ದಾರಿಯುದ್ದಕ್ಕೂ ನಮ್ಮನೆಯವರು ಅದನ್ನೇ ಹೊಗಳಿದರು. “ನೋಡು, ಎಷ್ಟು ಜೋಪಾನದ ಮನುಷ್ಯ!” ನಾನೂ ತಲೆಯಾಡಿಸಿದೆ. ಹೌದಲ್ಲ, ಎಷ್ಟು ಜೋಪಾನ!

ಆ ಮರದ ತುಂಡು ಅವತ್ತೇ ನಮಗೆ ಎಲ್ಲವನ್ನೂ ಹೇಳಿತ್ತು. ಕೇಳಿಸಿಕೊಳ್ಳುವ ಕಿವಿ ನಮಗಿರಲಿಲ್ಲ.

“ನಾಲ್ಕು ದಿನ ಇಟ್ಕೊಂಡು ಓಡ್ಸಿ ನೋಡಿ, ಒಪ್ಪಿಗೆ ಆದ್ರೆ ಆರ್‌ಸಿ ಬದಲಾಯಿಸೋಣ,” ಅಂತ ಮೇಷ್ಟ್ರು ಕೀ ಕೊಟ್ಟು ಕಳಿಸಿದ್ದರು. ಶನಿವಾರ ಕಾರು ಮನೆಗೆ ಬಂತು. ಭಾನುವಾರ ಬಸವಣ್ಣನ ಗುಡಿ ಏರಿನಲ್ಲಿ ಪರೀಕ್ಷೆ.

ಇದು ನಮ್ಮೂರಿನ ಪದ್ಧತಿ. ಯಾರ ಮನೆಗೆ ಸೆಕೆಂಡ್ ಹ್ಯಾಂಡ್ ಗಾಡಿ ಬಂದರೂ ಬಸವಣ್ಣನ ಗುಡಿಯ ಏರು ಹತ್ತಿಸಬೇಕು. ಗೋಡೆಯ ಹಾಗಿರುವ ಏರು ಅದು. ಗಾಡಿ ತುಂಬ ಜನ ಕೂರಬೇಕು. ಅರ್ಧ ಏರಿನಲ್ಲಿ ನಿಲ್ಲಿಸಬೇಕು. ಅಲ್ಲಿಂದ ಒಂದಿಂಚೂ ಹಿಂದೆ ಜಾರದೆ ಮತ್ತೆ ಎತ್ತಬೇಕು. ಎತ್ತಿತೋ, ಪಾಸು. ಹೆಣ್ಣು ನೋಡುವುದಕ್ಕೂ ಇಷ್ಟು ಜನ ಸೇರುವುದಿಲ್ಲ.

ಪರೀಕ್ಷೆ ನಡೆಸುವುದು ಲಾರಿ ಮಂಜಣ್ಣ. ಮೂವತ್ತು ವರ್ಷ ಮರದ ಲಾರಿ ಓಡಿಸಿ ಈಗ ಮನೆಯಲ್ಲಿರುವವರು. ಹಿಂದಿನ ಸೀಟಿಗೆ ನಾನು, ನನ್ನ ಅತ್ತೆ, ದೀಕ್ಷಾ. ಮುಂದೆ ನಮ್ಮನೆಯವರು. ಡಿಕ್ಕಿಗೆ ಎರಡು ಮೂಟೆ ಗೊಬ್ಬರ.

“ನನ್ನೂ ಒಂದು ಮೂಟೆ ಮಾಡ್ಬುಟ್ರಲ್ಲ ಕಣವ್ವ,” ಅಂದರು ಅತ್ತೆ.

“ನೀವಿಲ್ದಿದ್ರೆ ತೂಕ ಎಲ್ ಸಾಕಾಯ್ತದೆ ಅಜ್ಜಿ?” ಅಂದರು ಮಂಜಣ್ಣ.

ಅರ್ಧ ಏರಿನಲ್ಲಿ ಕಾರು ನಿಲ್ಲಿಸಿದರು. ನಾನು ಕಲಿತದ್ದನ್ನು ತೋರಿಸಿಕೊಳ್ಳುವ ಆಸೆಯಿಂದ ಹಿಂದಿನಿಂದ ಹೇಳಿದೆ: “ಮಂಜಣ್ಣ, ಹ್ಯಾಂಡ್ ಬ್ರೇಕ್ ಎಳ್ಕೊಂಡು ಎತ್ಬೇಕಲ್ವಾ?”

ಮಂಜಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕರು. “ಹ್ಯಾಂಡ್ ಬ್ರೇಕ್ ಎಲ್ಲ ಸ್ಕೂಲ್‌ನಲ್ ಕಲ್ತೋರಿಗೆ ತಾಯಿ. ನಮಗೆ ಕ್ಲಚ್ಚೇ ಸಾಕು.” ಕ್ಲಚ್ಚು, ಆಕ್ಸಿಲರೇಟರು ಎರಡನ್ನೂ ಅರ್ಧರ್ಧ ಹಿಡಿದು, ಕಾರನ್ನು ಗಾಳಿಪಟದ ಹಾಗೆ ಆ ಏರಿನಲ್ಲಿ ನೇತುಹಾಕಿ ತೋರಿಸಿದರು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಆಮೇಲೆ ಒಂದೇ ಸಲಕ್ಕೆ ಎತ್ತಿದರು. ಮೇಕೆ ಹತ್ತಿದ ಹಾಗೆ ಹತ್ತಿತು! ಮೇಲೆ ನಿಂತವರು ಚಪ್ಪಾಳೆ ತಟ್ಟಿದರು.

ಗುಡಿಯ ಮುಂದೆ ಚಕ್ರಕ್ಕೆ ಮರದ ತುಂಡು ಕೊಟ್ಟು, ನಾಲ್ಕು ನಿಂಬೆಹಣ್ಣು ಇಟ್ಟು, ಕಾಯಿ ಒಡೆದು ಪೂಜೆ ಮಾಡಿಸಿದೆವು. ನಾನು ಬಸವಣ್ಣನಲ್ಲಿ ಪ್ರಸಾದ ಕೇಳಿದೆ. ‘ಈ ಕಾರು ತಗೊಳ್ಳಲಾ ತಂದೆ?’ ಅರ್ಚಕರ ಮಂತ್ರ ಮುಗಿಯುವ ಮೊದಲೇ ಬಲಗಡೆಯಿಂದ ಕಣಗಿಲೆ ಹೂ ಬಿತ್ತು. ಬಲಗಡೆ! ಇನ್ನೇನು ಬೇಕು?

ಇಳಿಯುವಾಗ ನಮ್ಮನೆಯವರು ಓಡಿಸಿದರು. ಸೆಕೆಂಡ್ ಗೇರಿಗೆ ಹಾಕಿ, ಎಂಜಿನ್ನಿನ ಹಿಡಿತದಲ್ಲೇ ಗುರ್ ಗುರ್ ಅನಿಸಿಕೊಂಡು ಇಳಿಸಿದರು. ಗುಡ್ಡದಲ್ಲಿ ಹುಟ್ಟಿದ ಎಲ್ಲರೂ ಹಾಗೇ ಇಳಿಸುವುದು. ಹತ್ತಿದ ಗೇರಿನಲ್ಲೇ ಇಳಿಯಬೇಕು ಅನ್ನುವುದು ಇಲ್ಲಿ ಮಕ್ಕಳಿಗೂ ಗೊತ್ತು. ಬ್ರೇಕನ್ನು ಅವರು ಸುಮ್ಮನೆ ಮಗುವಿನ ಕೆನ್ನೆ ಮುಟ್ಟಿದ ಹಾಗೆ ಎರಡೋ ಮೂರೋ ಸಲ ಮುಟ್ಟಿದರು, ಅಷ್ಟೆ.

ಹೀಗೆ ಇಡೀ ಊರಿನ ಎದುರು, ದೇವರ ಎದುರು ಪರೀಕ್ಷೆ ಮಾಡಿದ ಕಾರಿನಲ್ಲಿ ಬ್ರೇಕನ್ನು ಮಾತ್ರ ಯಾರೂ ಪರೀಕ್ಷೆ ಮಾಡಲಿಲ್ಲ.

ಸೋಮವಾರ ಬೆಳಿಗ್ಗೆ ಆರೂಮುಕ್ಕಾಲು. ನಮ್ಮನೆಯವರು ಆಗಲೇ ಹೋಗಿಯಾಗಿತ್ತು. “ಒಂದ್ ವಾರ ನಾನ್ ಪಕ್ದಲ್ ಕೂತು ಕಲಿಸ್ತೀನಿ, ಆಮೇಲೆ ಒಬ್ಳೇ ಓಡ್ಸು,” ಅಂದಿದ್ದರು. ನಾನೂ ಹೂಂ ಅಂದಿದ್ದೆ. ಆದರೆ ಫೋನು ಟಿಂಗ್ ಅಂತು. ಗ್ರೂಪಿನಲ್ಲಿ ಮೆಸೇಜು: ‘ಎರಡು ಆನೆ ಒಂದು ಮರಿ. ಲೈನ್ ಮನೆಗಳ ಹಿಂದೆ. ನಡೆದು ಯಾರೂ ಬರಬೇಡಿ.’ ಲೈನ್ ಮನೆ ಅಂದರೆ ತೋಟದ ಆಳುಗಳ ಸಾಲು ಮನೆ, ನಮ್ಮ ದಾರಿಯಲ್ಲೇ ಇರುವುದು.

ದೀಕ್ಷಾಗೆ ಅವತ್ತು ಟೆಸ್ಟ್ ಇತ್ತು. ಅವಳು ನನ್ನ ಮುಖ ನೋಡಿದಳು. ನಾನು ಕಾರಿನ ಮುಖ ನೋಡಿದೆ. ಬಾನೆಟ್ ಮೇಲೆ ಹಿಂದಿನ ದಿನದ ಅರಿಶಿನ ಕುಂಕುಮ ಇನ್ನೂ ಆರಿರಲಿಲ್ಲ. ಆನೆ ದೊಡ್ಡದೋ ಕಾರು ದೊಡ್ಡದೋ?

“ಅಮ್ಮ, ನಿಂಗೆ ಬರ್ತದಾ?” ಅಂದಳು.

“ಲೈಸೆನ್ಸ್ ಸುಮ್ನೆ ಕೊಟ್ರಾ?” ಅಂದೆ. ಧೈರ್ಯ ಅಲ್ಲ ಅದು. ಒಂದು ಹೆದರಿಕೆ ಇನ್ನೊಂದು ಹೆದರಿಕೆಯನ್ನು ಹಿಂದಿನಿಂದ ತಳ್ಳುತ್ತಿತ್ತು.

ಮಂಜು ಇತ್ತು. ಮನೆ ಬಿಟ್ಟು ಇಳಿಜಾರು ಶುರುವಾದ ಕೂಡಲೇ ಎದೆ ಹೊಡೆದುಕೊಳ್ಳತೊಡಗಿತು. ಭಯವಾದರೆ ಬ್ರೇಕ್. ಒತ್ತಿದೆ. ಕಾರು ನಿಧಾನವಾಯಿತು. ಭಯ ಹೋಗಲಿಲ್ಲವಲ್ಲ, ಕಾಲು ತೆಗೆಯಲಿಲ್ಲ. ನಮ್ಮ ದಾರಿಯಲ್ಲಿ ಒಂದೂವರೆ ಕಿಲೋಮೀಟರ್ ಇಳಿಜಾರು. ಮೂರನೇ ಗೇರಿನಲ್ಲಿ, ಕಾಲು ಬ್ರೇಕಿನ ಮೇಲಿಟ್ಟುಕೊಂಡೇ ಇಳಿಯುತ್ತಾ ಹೋದೆ. ಪುಣ್ಯಾತ್ಮರು ಕಲಿಸಿದ್ದನ್ನು ಅಕ್ಷರಶಃ ಪಾಲಿಸಿದೆ.

ಸ್ವಲ್ಪ ಹೊತ್ತಿಗೆ ಏನೋ ಸುಟ್ಟ ವಾಸನೆ ಬಂತು. ಲೈನ್ ಮನೆಯವರು ಒಲೆ ಹಚ್ಚಿರಬೇಕು ಅಂದುಕೊಂಡೆ. “ಅಮ್ಮ, ಏನೋ ಕಮಟು,” ಅಂದಳು ದೀಕ್ಷಾ. ಅಷ್ಟರಲ್ಲಿ ಪೆಡಲ್ ಮೆತ್ತಗಾಯಿತು. ಇನ್ನೂ ಮೆತ್ತಗಾಯಿತು. ಆಮೇಲೆ ನಡೆದದ್ದು ನಿಮಗೆ ಗೊತ್ತು. ಕಾಲು ನೆಲ ಮುಟ್ಟಿತು.

ಹ್ಯಾಂಡ್ ಬ್ರೇಕ್ ಎಳೆದೆ. ಬಾವಿಯ ಹಗ್ಗ ಕೊಡದಿಂದ ಬಿಚ್ಚಿಕೊಂಡಾಗ ಬರುವ ಹಾಗೆ ಹಗುರಾಗಿ, ಸಲೀಸಾಗಿ ಕೈಗೆ ಬಂತು. ಆ ಕಡೆ ತುದಿಯಲ್ಲಿ ಏನೂ ಇರಲಿಲ್ಲ.

ಮಂಜಿನಲ್ಲಿ ತಿರುವು ಕಾಣಿಸಿತು. ತಿರುವಿನಲ್ಲಿ ಜನ ಕಾಣಿಸಿದರು. ಪಿಕಪ್ ಜೀಪಿಗೆ ಕಾಯುತ್ತಾ ನಿಂತ ತೋಟದ ಕೆಲಸದ ಹೆಂಗಸರು. ಹತ್ತು ಹನ್ನೆರಡು ಮಂದಿ. ತಲೆಗೆ ಬಟ್ಟೆ, ಕೈಯಲ್ಲಿ ಬುತ್ತಿಯ ಚೀಲ. ಒಬ್ಬಳು ನಗುತ್ತಾ ಇನ್ನೊಬ್ಬಳ ಜಡೆಗೆ ಹೂ ಸಿಕ್ಕಿಸುತ್ತಿದ್ದಳು. ಅದು ಯಾಕೆ ಅಷ್ಟು ಸ್ಪಷ್ಟವಾಗಿ ಕಂಡಿತೋ ಗೊತ್ತಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಆ ಹೂ ಕಾಣುತ್ತದೆ.

ಹಾರ್ನ್ ಒತ್ತಬೇಕು ಅನ್ನುವುದೂ ನನಗೆ ಹೊಳೆಯಲಿಲ್ಲ.

“ಅಮ್ಮ! ಗೇರ್! ಗೇರ್ ಇಳ್ಸು! ಅಪ್ಪ ಎಂಜಿನ್‌ನಲ್ ಹಿಡಿಯೋದು!”

ದೀಕ್ಷಾ ಕಿರುಚಿದಳು. ಕ್ಲಚ್ ಒತ್ತಿ ಸಿಕ್ಕಿದ ಕಡೆ ತಳ್ಳಿದೆ. ಸೆಕೆಂಡಿಗೆ ಬಿತ್ತು. ಅದು ಬೇರೆ ಕಡೆ ಬೀಳಬಹುದಿತ್ತು. ಕಾರು ಮುಗ್ಗರಿಸಿದ ಎತ್ತಿನ ಹಾಗೆ ಕುಕ್ಕಿ, ಒರಲಿ, ವೇಗ ಅರ್ಧಕ್ಕೆ ಇಳಿಯಿತು. ಸಾಲದು. ತಿರುವು ಬಂದೇಬಿಟ್ಟಿತು. ಬಲಕ್ಕೆ ಕಣಿವೆ. ಎಡಕ್ಕೆ ಬರೆ. ಬರೆಗೆ ಹೋಗಿ ತಾಗಿಸಬೇಕು. ಆದರೆ ಎಡಗಡೆ ಕೂತವಳು ಯಾರು?

ತಾಯಂದಿರೇ, ಈ ಪ್ರಶ್ನೆ ನಿಮಗೆ ಯಾವತ್ತೂ ಬಾರದಿರಲಿ.

“ಒಳಗೆ ಬಾ!” ಅಂತ ಕೂಗಿ, ಎಡಗೈಯಲ್ಲಿ ಅವಳ ಕುತ್ತಿಗೆ ಹಿಡಿದು ನನ್ನ ಕಡೆ ಎಳೆದುಕೊಂಡು, ಬಲಗೈಯಲ್ಲಿ ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದೆ. ಸರ್ರೋ ಅಂತ ಇಡೀ ಎಡಮಗ್ಗುಲು ಮಣ್ಣಿಗೆ ಉಜ್ಜಿಕೊಂಡು ಹೋಯಿತು. ಕನ್ನಡಿ ಮುರಿದು ಹಾರಿತು. ಜರಿಗಿಡಗಳೆಲ್ಲ ಗಾಜಿಗೆ ಬಡಿದವು. ಮುಂದಿನ ಚಕ್ರ ಚರಂಡಿಗೆ ಇಳಿಯಿತು. ನಿಂತಿತು.

ಎಂಜಿನ್ ಆಫ್ ಆಗಿತ್ತು. ಎಲ್ಲೋ ಒಂದು ಹಕ್ಕಿ ಕೂಗುತ್ತಿತ್ತು. ಹೆಂಗಸರು ನಿಂತಿದ್ದ ಜಾಗ ಅಲ್ಲಿಂದ ಇಪ್ಪತ್ತು ಮಾರು.

ಅವರೇ ಓಡಿ ಬಂದು ಬಾಗಿಲು ತೆಗೆದರು. ದೀಕ್ಷಾಗೆ ಮೊಣಕೈ ತರಚಿತ್ತು, ಅಷ್ಟೆ. ನನಗೆ ಏನೂ ಆಗಿರಲಿಲ್ಲ. ಜಡೆಗೆ ಹೂ ಮುಡಿದವಳು ನನ್ನನ್ನು ರಸ್ತೆಯ ಅಂಚಿನಲ್ಲಿ ಕೂರಿಸಿ ತನ್ನ ಬಾಟಲಿಯ ಬೆಲ್ಲದ ಕಾಫಿ ಕುಡಿಸಿದಳು.

“ಅಕ್ಕ, ಅಳ್ಬೇಡಿ. ಏನೂ ಆಗಿಲ್ಲ ಅಲ್ಲ.”

ಅವಳಿಗೇ ಏನಾಗಬಹುದಿತ್ತು ಅನ್ನುವುದು ಅವಳಿಗೆ ಹೊಳೆದಿರಲಿಲ್ಲ. ನಾನು ಹೇಳಲಿಲ್ಲ. ಅವಳ ಕೈ ಹಿಡಿದುಕೊಂಡೆ. ದೇವರು ಆಗ ನೆನಪಾದ. ಕಾವೇರಮ್ಮ, ಬಸವಣ್ಣ, ತವರಿನ ಮಾರಮ್ಮ, ಎಲ್ಲರೂ ಒಟ್ಟಿಗೆ ಬಂದರು.

ಸುಂಟಿಕೊಪ್ಪದಿಂದ ಮೆಕ್ಯಾನಿಕ್ ಹಂಸಣ್ಣ ಬಂದರು. ಹೆಂಗಸರ ಜೀಪಿಗೇ ಹಗ್ಗ ಕಟ್ಟಿ ಕಾರನ್ನು ಚರಂಡಿಯಿಂದ ಎಳೆಸಿ, ಅಲ್ಲೇ ಜ್ಯಾಕ್ ಕೊಟ್ಟು ಮುಂದಿನ ಚಕ್ರ ಬಿಚ್ಚಿದರು. ಅಷ್ಟರಲ್ಲಿ ನಮ್ಮನೆಯವರೂ ಬಂದಿದ್ದರು. ಮುಖದಲ್ಲಿ ರಕ್ತ ಇರಲಿಲ್ಲ. ಮಗಳ ತಲೆ ಸವರುವುದು, ಕಾರಿನ ಸುತ್ತ ತಿರುಗುವುದು, ಮತ್ತೆ ಬಂದು ಮಗಳ ತಲೆ ಸವರುವುದು.

ಹಂಸಣ್ಣ ಒಂದು ಕಬ್ಬಿಣದ ಚೂರು ತೆಗೆದು ಅಂಗೈ ಮೇಲಿಟ್ಟು ತೋರಿಸಿದರು. “ಇದು ಬ್ರೇಕ್ ಪ್ಯಾಡ್ ಅಕ್ಕ. ಇದ್ರ ಮೇಲೆ ಬೆರಳು ದಪ್ಪ ಒಂದು ಪದರ ಇರ್ಬೇಕು. ಎಲ್ಲುಂಟು? ಈ ಕಾರಲ್ಲಿ ಬ್ರೇಕ್ ಇಲ್ಲ, ಬ್ರೇಕಿನ ನೆನಪು ಮಾತ್ರ ಉಂಟು.”

ಆಮೇಲೆ ಬಾನೆಟ್ ಎತ್ತಿ ಸಣ್ಣ ಡಬ್ಬಿಯೊಂದರ ಮುಚ್ಚಳ ತೆಗೆದರು. ಒಳಗೆ ಡಿಕಾಕ್ಷನ್ನಿನ ಹಾಗೆ ಕಪ್ಪಗೆ ಏನೋ. “ಬ್ರೇಕ್ ಆಯಿಲ್. ಎಷ್ಟು ವರ್ಷದ್ದೋ. ಹಳೇದಾದ್ರೆ ಇದು ಗಾಳಿಲಿರೋ ನೀರು ಕುಡಿತದೆ. ನಮ್ಮ ಊರಲ್ಲಿ ನೀರಿಗೇನು ಬರಗಾಲವಾ? ನೀವು ಮೇಲಿಂದ ಒತ್ಕೊಂಡೇ ಬಂದ್ರಿ, ಬಿಸಿ ಆಯ್ತು, ಒಳಗೆ ಕುದೀತು. ಕುದಿದ್ರೆ ಆವಿ. ಆವಿನ ಒತ್ತಿದ್ರೆ ಗಾಡಿ ನಿಲ್ತದಾ?”

“ನೆನ್ನೆ ನಾನೇ ಇಳ್ಸಿದ್ದೆ ಹಂಸಣ್ಣ. ಏನೂ ಗೊತ್ತಾಗ್ಲಿಲ್ಲ,” ಅಂದರು ನಮ್ಮನೆಯವರು.

“ನಿಮಗೆ ಹೇಗೆ ಗೊತ್ತಾಗ್ತದೆ ರೈಟ್ರೇ? ನೀವು ಒಳ್ಳೆ ಡ್ರೈವರ್ ಅಲ್ವಾ?” ಅಂದ ಹಂಸಣ್ಣ, ಹ್ಯಾಂಡ್ ಬ್ರೇಕನ್ನು ಒಮ್ಮೆ ಮೇಲೆ ಕೆಳಗೆ ಆಡಿಸಿ ನಕ್ಕರು. “ಇದ್ರ ಕೇಬಲ್ ಸತ್ತು ಎಷ್ಟೋ ಕಾಲ ಆಗಿದೆ. ಓನರ್ ಗಾಡಿ ಹೇಗೆ ನಿಲ್ಸ್ತಾ ಇದ್ರು?”

ನಾವಿಬ್ಬರೂ ಒಟ್ಟಿಗೆ ಡಿಕ್ಕಿಯ ಕಡೆ ನೋಡಿದೆವು.

ಆ ಹಲಸಿನ ಮರದ ತುಂಡು! ಜೋಪಾನದ ಗುರುತು ಅಂತ ನಾವು ಹೊಗಳಿದ್ದು. ಕೈ ಆಡಿ ಆಡಿ ನುಣ್ಣಗಾದದ್ದು. ಹ್ಯಾಂಡ್ ಬ್ರೇಕ್ ಹಿಡಿಯುವ ಕಾರಿನಲ್ಲಿ ಮರದ ತುಂಡು ಅಷ್ಟು ನುಣ್ಣಗೆ ಯಾಕಾಗುತ್ತದೆ?

ನಮ್ಮನೆಯವರಿಗೆ ಸಿಟ್ಟು ಬಂತು. ಮಾರ್ಕ್ಸ್ ಹಾಕಿದ ಮೇಷ್ಟ್ರು ಅನ್ನುವುದನ್ನೂ ಮರೆತು ಅಲ್ಲೇ ಫೋನ್ ಹಚ್ಚಿದರು. “ಸರ್, ಬ್ರೇಕ್ ಇಲ್ದಿರೋ ಗಾಡಿ ಕೊಟ್ರಲ್ಲ ಸರ್!” ಸ್ಪೀಕರ್ ಹಾಕಿದ್ದರು, ನಮಗೂ ಕೇಳುತ್ತಿತ್ತು.

ಆ ಕಡೆಯಿಂದ ಮೇಷ್ಟ್ರ ದನಿ: “ಬ್ರೇಕಾ? ನಾನು ಬ್ರೇಕ್ ಒತ್ತೋದೇ ಕಮ್ಮಿ ಕಣಪ್ಪ. ಗೇರಲ್ಲೇ ಹಿಡೀತಿದ್ದೆ… ಮಗುಗೆ ಏನಾಯ್ತು? ಮೊದ್ಲು ಅದನ್ ಹೇಳು.”

ಮರುದಿನ ಮೇಷ್ಟ್ರೂ ಅವರ ಹೆಂಡತಿಯೂ ಎರಡು ಬಸ್ಸು ಬದಲಾಯಿಸಿ ನಮ್ಮ ಮನೆಗೆ ಬಂದರು. ಒಂದು ಚೀಲ ಬೆಣ್ಣೆಹಣ್ಣು ತಂದಿದ್ದರು. ಮೇಷ್ಟ್ರು ಕೂರಲಿಲ್ಲ. ದೀಕ್ಷಾಳ ಮೊಣಕೈಯ ಬ್ಯಾಂಡೇಜ್ ನೋಡುತ್ತಾ ನಿಂತರು.

“ನೋಡಮ್ಮ, ನನಗೆ ಗೊತ್ತಿದ್ದು ಕೊಡ್ಲಿಲ್ಲ. ಹ್ಯಾಂಡ್ ಬ್ರೇಕ್ ಹಿಡಿಯಲ್ಲ ಅನ್ನೋದು ಗೊತ್ತಿತ್ತು. ಮರ ಕೊಟ್ರಾಯ್ತಲ್ಲ, ಅದೇನು ದೊಡ್ಡ ವಿಷ್ಯ ಅಂದ್ಕೊಂಡಿದ್ದೆ. ಬ್ರೇಕ್ ಹೋಗಿದ್ದು ಸತ್ಯವಾಗ್ಲೂ ಗೊತ್ತಿರ್ಲಿಲ್ಲ. ಪರೀಕ್ಷೆಗೇ ಕೂರದ ಹುಡುಗನ್ನ ವರ್ಷ ವರ್ಷ ಪಾಸ್ ಮಾಡ್ಕೊಂಡ್ ಬಂದೆ.”

ಬೈಯಬೇಕು ಅಂತ ನಾನು ರಾತ್ರಿಯೆಲ್ಲ ಮಾತು ಜೋಡಿಸಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಅವರ ಹೆಂಡತಿ ಮೆಲ್ಲಗೆ ಅಂದರು: “ನಾವು ಪ್ರತಿ ಸಂಕ್ರಮಣಕ್ಕೂ ಇದೇ ಕಾರಲ್ಲಿ ತಲಕಾವೇರಿಗೆ ಹೋಗ್ತಿದ್ವು. ಹೋದ ತಿಂಗಳೂ, ಆಪರೇಷನ್‌ಗೆ ಮೊದ್ಲು, ಹೋಗಿದ್ವು.”

ತಲಕಾವೇರಿಯ ಆ ಇಳಿಜಾರು! ಕಣ್ಣು ಮಂಜಾದ ಮೇಷ್ಟ್ರು, ಪಕ್ಕದಲ್ಲಿ ತೀರ್ಥದ ಬಾಟಲಿ ಹಿಡಿದು ಕೂತ ಇವರು. ಒಂದು ದನ ಅಡ್ಡ ಬಂದಿದ್ದರೆ? ಒಂದು ಬಸ್ಸು ತಿರುವಿನಲ್ಲಿ ಎದುರಾಗಿದ್ದರೆ? ಜೋಡಿಸಿಟ್ಟ ಬೈಗುಳ ಬೇಡವಾಯಿತು. ನನಗೆ ಮತ್ತೆ ಹೆದರಿಕೆಯಾಯಿತು, ಈ ಸಲ ಅವರಿಗಾಗಿ. ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.

ಅಡುಗೆಮನೆಗೆ ಹಿಂದೆಯೇ ಬಂದ ಅತ್ತೆ ಕೇಳಿದರು: “ಅಲ್ಲ ಕಣವ್ವ, ಬಸವಣ್ಣ ಬಲಗಡೆ ಹೂ ಕೊಟ್ನಲ್ಲ. ಸುಳ್ ಹೇಳ್ಬುಟ್ನಾ?”

ಈ ಪ್ರಶ್ನೆಯನ್ನು ನಾನೂ ರಾತ್ರಿ ಕೇಳಿಕೊಂಡಿದ್ದೆ. ದೇವರು ಸುಳ್ಳು ಹೇಳಲಿಲ್ಲ. ನಾನು ಕೇಳಿದ್ದೇನು? ತಗೊಳ್ಳಲಾ ಅಂತ. ಬ್ರೇಕ್ ಇದೆಯಾ ಅಂತ ಕೇಳಲಿಲ್ಲ. ಅದನ್ನು ಕೇಳಬೇಕಾದದ್ದು ಹಂಸಣ್ಣನ ಹತ್ತಿರ. ಹಂಸಣ್ಣನ ಕೆಲಸವನ್ನೂ ಬಸವಣ್ಣನ ತಲೆಗೆ ಕಟ್ಟಿ, ಎರಡು ಹೆಜ್ಜೆ ನಡೆಯುವ ಕಷ್ಟ ತಪ್ಪಿಸಿಕೊಂಡು ಅದನ್ನು ಭಕ್ತಿ ಅಂತ ಕರೆದವಳು ನಾನು. ಅಷ್ಟಾದರೂ ಅವನು ಕೈ ಬಿಡಲಿಲ್ಲ. ಗೇರು ಸೆಕೆಂಡಿಗೇ ಬಿತ್ತು. ಚರಂಡಿಯನ್ನು ಯಾರೋ ಅಗಲವಾಗಿ ತೆಗೆಸಿದ್ದರು. ಅಪ್ಪ ಓಡಿಸುವುದನ್ನು ಮಗಳು ಸುಮ್ಮನೆ ನೋಡಿಟ್ಟುಕೊಂಡಿದ್ದಳು. ಇಂಥವನ್ನೆಲ್ಲ ನಾನು ಎಣಿಸುತ್ತೇನೆ. ಎಣಿಸಿ ಮುಗಿದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಈ ಕಾರಿನ ಕಾಯಿಲೆ ಒಳ್ಳೆಯ ಡ್ರೈವರುಗಳ ಕೈಯಲ್ಲಿ ಅಡಗಿ ಕೂತಿತ್ತು. ಮೇಷ್ಟ್ರು, ಮಂಜಣ್ಣ, ನಮ್ಮನೆಯವರು, ಮೂವರೂ ನಿಪುಣರು. ಅದನ್ನು ಹೊರಗೆ ಎಳೆದದ್ದು ಓಡಿಸಲು ಬಾರದ ನಾನು. (ಹೆಮ್ಮೆ ಪಡಲೋ ನಾಚಿಕೊಳ್ಳಲೋ ಇನ್ನೂ ತೀರ್ಮಾನವಾಗಿಲ್ಲ.) ನಾವು ಗುಡ್ಡದವರಿಗೆ ಇರುವುದೊಂದೇ ಚಿಂತೆ, ಗಾಡಿ ಎಳೆಯುತ್ತದಾ? ಏರು ಹತ್ತುತ್ತದಾ? ಹತ್ತದಿದ್ದರೆ ಏನಾಗುತ್ತದೆ ಮಾರಾಯರೇ? ಕೆಳಗೇ ಉಳಿಯುತ್ತೇವೆ. ಸಂತೆ ಸಾಮಾನು ಹೊತ್ತುಕೊಂಡು ನಡೆಯುತ್ತೇವೆ. ಇಳಿಯುವಾಗ ನಿಲ್ಲದಿದ್ದರೆ?

ಮೇಷ್ಟ್ರೇ ಹಠ ಹಿಡಿದು ರಿಪೇರಿ ಮಾಡಿಸಿಕೊಟ್ಟರು. ಪ್ಯಾಡು, ಆಯಿಲ್, ಪೈಪು, ಕೇಬಲ್ಲು, ಎಲ್ಲ ಹೊಸದು. ಮುಗಿದ ದಿನ ಹಂಸಣ್ಣ ಒಂದು ಷರತ್ತು ಹಾಕಿದರು: “ಇಳ್ಸೋ ಟೆಸ್ಟ್ ಆಗ್ದೆ ನಾನು ಕೀ ಕೊಡಲ್ಲ.” ಬಸವಣ್ಣನ ಗುಡಿಯಿಂದ ಕೆಳಕ್ಕೆ ಮೂರು ಕಡೆ ನಿಲ್ಲಿಸಿ ತೋರಿಸಿದರು. ಪ್ರತಿ ಸಲ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿದು, “ನೋಡಿ ಅಕ್ಕ, ಮೆಲ್ಲಗೆ ಕೆಳಗೆ ಇಳೀತದಾ? ಇಳಿದ್ರೆ ಗಾಡಿ ಬೇಡ ಅನ್ನಿ,” ಅಂದರು. ಕಡಿದಾದ ಕಡೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಕಲ್ಲು ಮರ ಏನೂ ಕೊಡದೆ, ಕೆಳಗಿಳಿದು ಕೈಕಟ್ಟಿ ನಿಂತರು. ಕಾರು ಅಲ್ಲಾಡಲಿಲ್ಲ. ನಾನು ಮಾತ್ರ ಮರದ ತುಂಡು ಎದೆಗೆ ಹಿಡಿದುಕೊಂಡು ಚಕ್ರದ ಪಕ್ಕದಲ್ಲೇ ನಿಂತಿದ್ದೆ.

ಆಮೇಲೆ ನನ್ನನ್ನು ಕೂರಿಸಿ, ಸೆಕೆಂಡ್ ಗೇರಿನಲ್ಲಿ, ಹತ್ತು ಸಲ ಇಳಿಸಿದರು. ಈ ಸಲ ಕಾಲು ಬ್ರೇಕಿನ ಮೇಲೆ ಮಲಗಿಸಲಿಲ್ಲ. ಏರಿನಲ್ಲಿ ನೋಡಲು ಒಬ್ಬರೂ ಬಂದಿರಲಿಲ್ಲ. ಇಳಿಯುವುದನ್ನು ಯಾರು ನೋಡುತ್ತಾರೆ? ಲಾರಿ ಮಂಜಣ್ಣ ಮಾತ್ರ ದೂರದಲ್ಲಿ ಬೀಡಿ ಸೇದುತ್ತಾ ನಿಂತಿದ್ದವರು, ಕೊನೆಗೆ ಹತ್ತಿರ ಬಂದು ಹಂಸಣ್ಣನಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು: “ನಮ್ ಜೀಪ್‌ದೂ ಒಂಚೂರ್ ನೋಡಿಯಾ?”

ಆರ್‌ಸಿ ಈಗ ನನ್ನ ಹೆಸರಿನಲ್ಲಿದೆ. ಮರದ ತುಂಡು ಹಿತ್ತಿಲ ಬಾಗಿಲು ಬಡಿಯದಂತೆ ಹಿಡಿದುಕೊಂಡಿದೆ. ಎಡಗಡೆಯ ಗೀರುಗಳನ್ನು ಪೇಂಟ್ ಮಾಡಿಸಬೇಡಿ ಅಂದಿದ್ದೇನೆ, ಇರಲಿ. ಹೆದರಿಕೆ ಹೋಯಿತಾ ಅಂತ ಕೇಳುತ್ತೀರಾ? ಇಲ್ಲ. ಬೆಳಿಗ್ಗೆ ಆ ತಿರುವು ಬಂದಾಗ ಬೆನ್ನು ಈಗಲೂ ತಣ್ಣಗಾಗುತ್ತದೆ. ಅಲ್ಲಿ ನಿಂತ ಹೆಂಗಸರು ಕೈ ಬೀಸುತ್ತಾರೆ. ನಾನು ಸ್ಟಿಯರಿಂಗಿನಿಂದ ಕೈ ತೆಗೆಯುವುದಿಲ್ಲ, ತಲೆ ಅಲ್ಲಾಡಿಸುತ್ತೇನೆ.

ಮೊದಲ ದಿನ ದೀಕ್ಷಾ ಕಾರಿನ ಬಾಗಿಲು ಹಿಡಿದು ನಿಂತಳೇ ಹೊರತು ಹತ್ತಲಿಲ್ಲ. “ಅಮ್ಮ, ಒಂದ್ಸಲ ಒತ್ತಿ ತೋರ್ಸು,” ಅಂದಳು. ಅಂಗಳದಲ್ಲೇ ಒತ್ತಿದೆ. ಬಗ್ಗಿ ನನ್ನ ಕಾಲನ್ನೇ ನೋಡಿದಳು. ಪೆಡಲ್ ಅರ್ಧಕ್ಕೆ ಗಟ್ಟಿಯಾಗಿ ನಿಂತಿತು. ಅವಳು ಹತ್ತಿ ಕೂತಳು. ಈಗ ಅದೇ ನಮ್ಮ ನಿತ್ಯದ ಪದ್ಧತಿ, ಮೊದಲು ಕಾಲು ಒತ್ತುವುದು, ಆಮೇಲೆ ಕೈ ಮುಗಿಯುವುದು.

ನಿಮ್ಮ ಗಾಡಿ ಏರು ಹತ್ತುತ್ತದೆ, ಒಪ್ಪಿದೆ. ಇಳಿಯುವಾಗ ನಿಲ್ಲುತ್ತದಾ?